ಬಾತುಕೋಳಿ ಮನೆಯೂ ಓಟಿನ ಲೆಕ್ಕವೂ

ಕೇಳುಗರೆ, ನಮಸ್ಕಾರ.

2017ರ ಏಪ್ರಿಲ್ 18. ಬ್ರಿಟನ್ನಿನ ಪ್ರಧಾನಿ ತೆರೇಸಾ ಮೇ ಮನೆಯಿಂದ ಹೊರಗೆ ಬಂದು, ಇದ್ದಕ್ಕಿದ್ದಂತೆ ಚುನಾವಣೆ ಘೋಷಿಸಿದರು. ಹಿಂದಿನ ಚುನಾವಣೆ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ನಡುವೆ ಯುರೋಪ್ ಒಕ್ಕೂಟ ಬಿಡಬೇಕೇ ಅನ್ನುವ ಬ್ರೆಕ್ಸಿಟ್ ಜನಮತಗಣನೆ ಬೇರೆ. ಬಿಬಿಸಿಯ ವರದಿಗಾರರೊಬ್ಬರು ಬ್ರಿಸ್ಟಲ್ ಊರಿನ ಬೀದಿಯಲ್ಲಿ ಒಬ್ಬ ವಯಸ್ಸಾದ ಹೆಂಗಸಿಗೆ ಈ ಸುದ್ದಿ ಹೇಳಿದರು. ಆಕೆಯ ಮುಖ ನೋಡಬೇಕಿತ್ತು. "ತಮಾಷೆ ಮಾಡ್ತಿದ್ದೀರಾ? ಮತ್ತೊಂದಾ!" ಅಂದುಬಿಟ್ಟರು. ಅಷ್ಟೇ. ಆ ಚುನಾವಣೆಯಲ್ಲಿ ನಾಯಕರು ಮಾಡಿದ ಭಾಷಣಗಳಲ್ಲಿ ಒಂದು ಸಾಲೂ ಇವತ್ತು ಯಾರಿಗೂ ನೆನಪಿಲ್ಲ. ಆ ಅಜ್ಜಿಯ ಉದ್ಗಾರ ಮಾತ್ರ ಇಡೀ ದೇಶಕ್ಕೆ ನೆನಪಿದೆ.

ಆಗ ನಾನು ಅಲ್ಲೇ ಇದ್ದೆ. ಲಂಡನ್ನಿನ ಪಕ್ಕದ ಸರ್ರೆ ಜಿಲ್ಲೆಯ ಒಂದು ಸಣ್ಣ ಊರಲ್ಲಿ, ಕೆಲಸದ ಮೇಲೆ. ನನ್ನ ಹತ್ತಿರ ಇದ್ದದ್ದು ಭಾರತದ ಪಾಸ್‌ಪೋರ್ಟೇ. ಆದರೂ ಒಂದು ದಿನ ಅಂಚೆಯಲ್ಲಿ ಮತದಾರರ ಕಾರ್ಡ್ ಬಂತು! ಕಾಮನ್‌ವೆಲ್ತ್ ದೇಶದ ಪ್ರಜೆಗಳು ಅಲ್ಲಿ ಕಾನೂನುಬದ್ಧವಾಗಿ ವಾಸವಿದ್ದರೆ ಪಾರ್ಲಿಮೆಂಟ್ ಚುನಾವಣೆಯಲ್ಲಿ ಓಟು ಹಾಕಬಹುದು. ನಮ್ಮನ್ನು ಆಳಿದವರನ್ನು ಯಾರು ಆಳಬೇಕು ಅಂತ ಹೇಳೋ ಹಕ್ಕು ನನಗೆ. ಸುಮ್ನೆ ಬಿಡೋಕಾಗುತ್ತಾ?

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬರಿದ್ದರು. ಹೆಂಡತಿ ತೀರಿಕೊಂಡಿದ್ದರು, ಜೊತೆಗೆ ಒಂದು ನಾಯಿ. ರಾಜಕೀಯದ ಮಾತು ತೆಗೆದರೆ ಅವರದ್ದು ಒಂದೇ ಪಲ್ಲವಿ: "ಎಲ್ಲರೂ ಒಂದೇ." ಯಾರು ರಾಜ್ಯ ಆಳಿದರೂ ರಾಗಿ ಬೀಸೋದು ತಪ್ಪಲ್ಲ ಅಂತ ನಮ್ಮಲ್ಲಿ ಹೇಳ್ತಾರಲ್ಲ, ಥೇಟ್ ಅದೇ ಧಾಟಿ. ಆದರೆ ಮತದಾನದ ದಿನ ಬೆಳಿಗ್ಗೆ ಕೋಟು ಹಾಕಿಕೊಂಡು, ನಾಯಿಯನ್ನು ಹಿಡಿದುಕೊಂಡು, ನನಗಿಂತ ಮೊದಲೇ ಹೊರಟಿದ್ದರು. ನಾನೂ ಹಿಂದೆಯೇ ಹೋದೆ. ಒಂದು ಚರ್ಚಿನ ಸಭಾಂಗಣ. ಗುರುತಿನ ಚೀಟಿ ಕೇಳಲಿಲ್ಲ, ಆಗಿನ್ನೂ ಆ ನಿಯಮ ಬಂದಿರಲಿಲ್ಲ. ಬೆರಳಿಗೆ ಶಾಯಿ ಇಲ್ಲ. ಯಂತ್ರವೂ ಇಲ್ಲ. ಒಂದು ಕಾಗದ, ದಾರ ಕಟ್ಟಿದ ಒಂದು ಪೆನ್ಸಿಲ್. ಹೆಸರಿನ ಮುಂದೆ ಗುಣಿಸು ಚಿಹ್ನೆ ಹಾಕಿ ಡಬ್ಬಿಗೆ ಹಾಕಿದರೆ ಮುಗೀತು. ಶಾಯಿ ಇಲ್ಲದ ಬೆರಳು ನೋಡಿಕೊಂಡು ನನಗೆ ಏನೋ ಕಳಕೊಂಡ ಹಾಗೆ ಅನ್ನಿಸಿದ್ದು ನಿಜ.

ಅವತ್ತು ಟಿವಿ ಹಾಕಿದರೆ ಬರೀ ನಾಯಿಗಳು. ತಮಾಷೆಗೆ ಹೇಳ್ತಿಲ್ಲ. ಮತದಾನ ನಡೆಯೋವಾಗ ಚುನಾವಣೆಯ ವಿಷಯಗಳನ್ನು ಟಿವಿ, ರೇಡಿಯೋ ಚರ್ಚಿಸುವ ಹಾಗಿಲ್ಲ. ರಾತ್ರಿ ಹತ್ತು ಗಂಟೆಗೆ ಮತದಾನ ಮುಗಿಯೋವರೆಗೂ ಬಾಯಿಗೆ ಬೀಗ. ಹಾಗಾಗಿ ಮತಗಟ್ಟೆ ಮುಂದೆ ಯಜಮಾನರಿಗಾಗಿ ಕಾಯುತ್ತಾ ಕೂತ ನಾಯಿಗಳನ್ನು ತೋರಿಸುತ್ತಾರೆ. ಜನರೂ ತಮ್ಮ ನಾಯಿಗಳ ಫೋಟೋ ಹಂಚಿಕೊಳ್ಳುತ್ತಾರೆ. ಆರು ವಾರದ ಕಚ್ಚಾಟದಲ್ಲಿ ನೆಮ್ಮದಿಯ ದಿನ ಅಂದರೆ ಅದೊಂದೇ.

ಟಿವಿಗೆ ಈ ಮಡಿ ಇದೆ. ಪತ್ರಿಕೆಗಳಿಗೆ ಇಲ್ಲ. 1992ರ ಏಪ್ರಿಲ್ 9ರ ಮತದಾನದ ದಿನವೇ 'ಸನ್' ಪತ್ರಿಕೆ ಮುಖಪುಟದಲ್ಲಿ ಒಂದು ಬಲ್ಬಿನ ಚಿತ್ರ ಹಾಕಿತು. ಬಲ್ಬಿನೊಳಗೆ ಲೇಬರ್ ಪಕ್ಷದ ನಾಯಕ ನೀಲ್ ಕಿನ್ನಕ್ ಅವರ ತಲೆ. ಇವತ್ತು ಈತ ಗೆದ್ದರೆ, ದೇಶ ಬಿಟ್ಟು ಹೋಗುವ ಕೊನೆಯವರು ದಯವಿಟ್ಟು ದೀಪ ಆರಿಸಿ ಹೋಗಿ ಅಂತ ಒಕ್ಕಣೆ. ಕಿನ್ನಕ್ ಸೋತರು. ಎರಡು ದಿನ ಬಿಟ್ಟು ಅದೇ ಪತ್ರಿಕೆ, ಎದುರಿನ ಕನ್ಸರ್ವೇಟಿವ್ ಪಕ್ಷವನ್ನು ಗೆಲ್ಲಿಸಿದ್ದು ನಾವೇ ಅಂತ ಮುಖಪುಟದಲ್ಲೇ ಬೆನ್ನು ತಟ್ಟಿಕೊಂಡಿತು. ನಿಜವಾಗಿ ಅವರೇ ಗೆಲ್ಲಿಸಿದರೋ ಇಲ್ಲವೋ, ರಾಜಕಾರಣಿಗಳಂತೂ ನಂಬಿದರು. 1995ರಲ್ಲಿ ಲೇಬರ್ ಪಕ್ಷದ ಹೊಸ ನಾಯಕ ಟೋನಿ ಬ್ಲೇರ್ ಆಸ್ಟ್ರೇಲಿಯಾದ ಹೇಮನ್ ದ್ವೀಪದವರೆಗೆ ಹಾರಿದರು. ಅಲ್ಲಿ ಆ ಪತ್ರಿಕೆಯ ಒಡೆಯ ರೂಪರ್ಟ್ ಮರ್ಡಾಕ್ ಕಂಪನಿಯ ಸಮಾವೇಶ. ಅರ್ಧ ಭೂಮಿ ಸುತ್ತಿ ಹರಕೆ ತೀರಿಸಿ ಬಂದ ಹಾಗೆ. 1997ರಲ್ಲಿ 'ಸನ್' ಬ್ಲೇರ್ ಅವರನ್ನು ಬೆಂಬಲಿಸಿತು. ದೇವರು ವರ ಕೊಟ್ಟಾಯಿತು.

ಇದನ್ನೆಲ್ಲ ನೋಡಿದವರಿಗೆ ಸಿನಿಕತನ ಬರದೆ ಇನ್ನೇನು ಬಂದೀತು?

ಆಮೇಲೆ ಬಂತು 2009. 'ಡೈಲಿ ಟೆಲಿಗ್ರಾಫ್' ಪತ್ರಿಕೆಯ ಕೈಗೆ ಒಂದು ಡಿಸ್ಕ್ ಸಿಕ್ಕಿತು. ಅದರ ತುಂಬ ಸಂಸದರ ಖರ್ಚಿನ ಬಿಲ್ಲುಗಳು. ಲಂಡನ್ನಿನಲ್ಲಿ ಒಂದು, ಕ್ಷೇತ್ರದಲ್ಲಿ ಒಂದು ಮನೆ ನಡೆಸಬೇಕಲ್ಲ, ಅದಕ್ಕೆ ಕೊಡುವ ಭತ್ಯೆ. ಅದರಲ್ಲಿ ಏನೇನು ಇತ್ತು ಗೊತ್ತಾ? ಒಬ್ಬರು ತಮ್ಮ ಕೊಳದಲ್ಲಿ ಬಾತುಕೋಳಿಗಳಿಗೆ ತೇಲುವ ಮನೆ ಕೊಂಡು, 1,645 ಪೌಂಡ್ ಬಿಲ್ಲು ಕಳಿಸಿದ್ದರು. ಇನ್ನೊಬ್ಬರ ಖರ್ಚಿನ ಪಟ್ಟಿಯಲ್ಲಿ ಬಂಗಲೆಯ ಸುತ್ತಲಿನ ಕಂದಕದ ಹೂಳು ತೆಗೆಸಿದ ಲೆಕ್ಕ! ಬಾತುಕೋಳಿ ಮನೆಯ ಬಿಲ್ಲನ್ನು ಕಚೇರಿಯವರು ಪಾಸು ಮಾಡಿರಲಿಲ್ಲ ಅನ್ನೋದು ಆಮೇಲಿನ ಮಾತು. ಆ ಮನೆ ಬಾತುಕೋಳಿಗಳಿಗೂ ಹಿಡಿಸಲಿಲ್ಲ ಅಂತ ಆ ಸಂಸದರೇ ಹೇಳಿಕೊಂಡರು. ಪಾರ್ಲಿಮೆಂಟಿನ ಸ್ಪೀಕರ್ ರಾಜೀನಾಮೆ ಕೊಡಬೇಕಾಯಿತು. ಕೆಲವು ಸಂಸದರು ಜೈಲಿಗೂ ಹೋದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರೆ. ಇಲ್ಲಿ ಹೋದದ್ದು ಬಾತುಕೋಳಿಗೆ.

ನನ್ನ ನೆರೆಯವರು ಎಂಟು ವರ್ಷ ಆದ ಮೇಲೂ ಆ ಕಥೆಯನ್ನು ನಿನ್ನೆ ನಡೆದ ಹಾಗೆ ಹೇಳುತ್ತಿದ್ದರು. ಸಿಟ್ಟಿನಿಂದ ಶುರು ಮಾಡಿ, ಬಾತುಕೋಳಿಗೆ ಬರುವಷ್ಟರಲ್ಲಿ ನಗುತ್ತಿದ್ದರು. ಆ ನಗು ನನಗೆ ಕುತೂಹಲ ಹುಟ್ಟಿಸಿತು.

ನಗೋದರಲ್ಲಿ ಆ ಜನರನ್ನು ಮೀರಿಸೋರಿಲ್ಲ ಬಿಡಿ. ಡೇವಿಡ್ ಸಚ್ ಅಂತ ಒಬ್ಬ ರಾಕ್ ಗಾಯಕನಿದ್ದ. ತಾನೇ ತನಗೆ ಲಾರ್ಡ್ ಅಂತ ಬಿರುದು ಕೊಟ್ಟುಕೊಂಡಿದ್ದ. ಎತ್ತರದ ಟೋಪಿ, ಚಿರತೆ ಚುಕ್ಕಿಯ ಕೋಟು. 1980ರ ದಶಕದಲ್ಲಿ 'ಮಾನ್‌ಸ್ಟರ್ ರೇವಿಂಗ್ ಲೂನಿ ಪಾರ್ಟಿ' ಕಟ್ಟಿದ. ನಮ್ಮ ಮಾತಲ್ಲಿ ಹೇಳಬೇಕಂದ್ರೆ ಹುಚ್ಚರ ಪಕ್ಷ. ನಲವತ್ತರ ಹತ್ತಿರ ಚುನಾವಣೆಗಳಿಗೆ ನಿಂತ, ಒಂದರಲ್ಲೂ ಗೆಲ್ಲಲಿಲ್ಲ. ಆದರೆ ಇದು ಕೇಳಿ. 1963ರಲ್ಲಿ ಮೊದಲ ಸಲ ನಿಂತಾಗ ಅವನು ಕೇಳಿದ್ದು 18 ವರ್ಷಕ್ಕೇ ಓಟು. ಆಗ 21 ಇತ್ತು. 1969ರಲ್ಲಿ ಸರ್ಕಾರವೇ 18 ಮಾಡಿತು. ಖಾಸಗಿ ರೇಡಿಯೋ ಬೇಕು ಅನ್ನುತ್ತಿದ್ದ. 1964ರಲ್ಲಿ ಥೇಮ್ಸ್ ನದಿ ಸಮುದ್ರ ಸೇರುವ ಕಡೆ, ಯುದ್ಧಕಾಲದ ಹಳೇ ಕೋಟೆಯೊಂದರ ಮೇಲೆ ಹತ್ತಿ ಕೂತು, ಲೈಸೆನ್ಸ್ ಇಲ್ಲದೆ ತನ್ನದೇ ರೇಡಿಯೋ ನಡೆಸಿದ. ಮೈಕಿನ ಮುಂದೆ ಕೂತಿರುವ ನನಗೆ ಆತನ ಮೇಲೆ ಸ್ವಲ್ಪ ಜಾಸ್ತಿಯೇ ಪ್ರೀತಿ, ಕ್ಷಮಿಸಿ.

1990ರ ಮೇ ತಿಂಗಳಲ್ಲಿ ಲಿವರ್‌ಪೂಲ್ ಪಕ್ಕದ ಬೂಟಲ್‌ನಲ್ಲಿ ಉಪಚುನಾವಣೆ. ಅಲ್ಲಿ ಎಸ್‌ಡಿಪಿ ಅನ್ನುವ ಪಕ್ಷವೂ ನಿಂತಿತ್ತು. ನಾಲ್ಕು ಮಂದಿ ಮಾಜಿ ಮಂತ್ರಿಗಳು ಸೇರಿ ಒಂಬತ್ತು ವರ್ಷದ ಹಿಂದೆ ಕಟ್ಟಿದ ಗಂಭೀರ ಪಕ್ಷ. ಒಂದು ಕಾಲದಲ್ಲಿ ದೇಶದ ರಾಜಕೀಯವನ್ನೇ ಬದಲಿಸುತ್ತೇವೆ ಅಂದಿದ್ದವರು. ಎಣಿಕೆ ಮುಗಿದಾಗ ಸಚ್‌ಗೆ 418 ಓಟು, ಎಸ್‌ಡಿಪಿಗೆ 155. ಹುಚ್ಚರ ಮುಂದೆ ಸೋತ ಮೇಲೆ ಇನ್ನೇನು ಉಳಿಯಿತು? ಕೆಲವೇ ದಿನಗಳಲ್ಲಿ ಪಕ್ಷದ ಬಾಗಿಲು ಹಾಕಿದರು.

ಸಚ್ 1999ರಲ್ಲಿ ತೀರಿಕೊಂಡ. ಪರಂಪರೆ ಮಾತ್ರ ನಿಂತಿಲ್ಲ. ಈಗ ತಲೆಗೆ ಕಸದ ಡಬ್ಬಿ ಹಾಕಿಕೊಂಡ 'ಕೌಂಟ್ ಬಿನ್‌ಫೇಸ್' ಅನ್ನುವ ಮಹಾಶಯನಿದ್ದಾನೆ. 2019ರಲ್ಲಿ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ವಿರುದ್ಧ, 2024ರಲ್ಲಿ ನಮ್ಮ ಬೆಂಗಳೂರಿನ ಅಳಿಯ ರಿಷಿ ಸುನಕ್ ವಿರುದ್ಧ ನಿಂತ. ಕ್ರೊಸಾನ್ ಅನ್ನುವ ಬೇಕರಿ ತಿಂಡಿಯ ಬೆಲೆ 1.10 ಪೌಂಡ್ ದಾಟಬಾರದು ಅನ್ನೋದು ಅವನ ಪ್ರಣಾಳಿಕೆ. 500 ಪೌಂಡ್ ಠೇವಣಿ ಕಟ್ಟಿದರೆ ಯಾರು ಬೇಕಾದರೂ ನಿಲ್ಲಬಹುದು. ನೂರಕ್ಕೆ ಐದು ಓಟು ಬರದಿದ್ದರೆ ಠೇವಣಿ ಹೋಯಿತು. ಫಲಿತಾಂಶ ಓದುವಾಗ ಪ್ರಧಾನಿಯೂ ಕಸದ ಡಬ್ಬಿಯೂ ಒಂದೇ ವೇದಿಕೆಯಲ್ಲಿ ನಿಂತಿರುತ್ತಾರೆ. ಚುನಾವಣಾಧಿಕಾರಿ ಎರಡೂ ಹೆಸರನ್ನು ಒಂದೇ ದನಿಯಲ್ಲಿ ಓದುತ್ತಾರೆ. ಈ ದೃಶ್ಯ ನನಗೆ ಇಷ್ಟ.

ಆದರೆ ಲೆಟಿಸ್ ಪ್ರಸಂಗ ಅಷ್ಟು ಇಷ್ಟವಾಗಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಲಿಜ್ ಟ್ರಸ್ ಪ್ರಧಾನಿಯಾದರು. ಅವರನ್ನು ಆರಿಸಿದ್ದು ಆಗ ಆಳುತ್ತಿದ್ದ ಕನ್ಸರ್ವೇಟಿವ್ ಪಕ್ಷದ ಸದಸ್ಯರ 81,326 ಓಟುಗಳು. ಆರೂವರೆ ಕೋಟಿ ಮೀರಿದ ಜನರ ದೇಶಕ್ಕೆ! ತಿಂಗಳೊಳಗೆ ಹೊಸ ಬಜೆಟ್ಟಿನ ಹೊಡೆತಕ್ಕೆ ಪೌಂಡ್ ಕುಸಿಯಿತು, ಮನೆ ಸಾಲದ ಬಡ್ಡಿ ಏರಿತು, ಪಿಂಚಣಿ ನಿಧಿಗಳು ಅಲ್ಲಾಡಿ ಬ್ಯಾಂಕ್ ಆಫ್ ಇಂಗ್ಲೆಂಡ್ ನಡುವೆ ಬರಬೇಕಾಯಿತು. ಆಗ 'ಡೈಲಿ ಸ್ಟಾರ್' ಪತ್ರಿಕೆ ಏನು ಮಾಡಿತು? ಅಂಗಡಿಯಿಂದ ಒಂದು ಲೆಟಿಸ್ ಸೊಪ್ಪಿನ ಗೆಡ್ಡೆ ತಂದು, ಕ್ಯಾಮೆರಾ ಮುಂದೆ ಇಟ್ಟು, ಮೊದಲು ಬಾಡೋದು ಇದೋ ಪ್ರಧಾನಿಯೋ ಅಂತ ನೇರ ಪ್ರಸಾರ ಮಾಡಿತು. ಅದಕ್ಕೆ ಕಣ್ಣು ಅಂಟಿಸಿದರು, ವಿಗ್ ಹಾಕಿದರು. ಅಕ್ಟೋಬರ್ 20ಕ್ಕೆ ಪ್ರಧಾನಿ ರಾಜೀನಾಮೆ ಹೇಳಿದರು. ಲೆಟಿಸ್ ಗೆದ್ದಿತು. ಜಗತ್ತೇ ನಕ್ಕಿತು, ನಾನೂ ನಕ್ಕೆ. ಆದರೆ ಅವರ ನಂತರ ಬಂದ ಸುನಕ್ ಅವರಿಗೆ ಆ 81 ಸಾವಿರದಷ್ಟೂ ಓಟು ಬೇಕಾಗಲಿಲ್ಲ. ಎದುರಾಳಿಯೇ ಉಳಿಯದೆ ಪ್ರಧಾನಿಯಾದರು. ಇದು ಸರೀನಾ ಅಂತ ಕೇಳುವ ಹೊತ್ತಿನಲ್ಲಿ ನಾವೆಲ್ಲ ಸೊಪ್ಪು ನೋಡುತ್ತಾ ಕೂತಿದ್ದೆವು.

ನನ್ನ ತಕರಾರು ಇಷ್ಟೇ. ಬಾತುಕೋಳಿ, ಲೆಟಿಸ್ ಇವೆಲ್ಲ ಕಣ್ಣಿಗೆ ಬೀಳುತ್ತವೆ. ಲೆಕ್ಕ ಬೀಳೋದಿಲ್ಲ.

ಲೆಕ್ಕ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. 2015ರಲ್ಲಿ ಯುಕಿಪ್ ಅನ್ನುವ ಪಕ್ಷಕ್ಕೆ 38 ಲಕ್ಷ ಓಟು ಬಂತು. ಸೀಟು ಒಂದು. ಸ್ಕಾಟ್ಲೆಂಡಿನ ಎಸ್‌ಎನ್‌ಪಿಗೆ 14 ಲಕ್ಷ ಚಿಲ್ಲರೆ. ಸೀಟು 56. 2024ಕ್ಕೆ ಬನ್ನಿ. ರಿಫಾರ್ಮ್ ಪಕ್ಷಕ್ಕೆ 41 ಲಕ್ಷ ಓಟು, 5 ಸೀಟು. ಲಿಬರಲ್ ಡೆಮಾಕ್ರಾಟರಿಗೆ 35 ಲಕ್ಷ ಓಟು, 72 ಸೀಟು. ಲೇಬರ್ ಪಕ್ಷಕ್ಕೆ ಚಲಾಯಿತ ಮತಗಳಲ್ಲಿ ನೂರಕ್ಕೆ 34ರಷ್ಟೂ ಬರಲಿಲ್ಲ. ಆದರೆ 650ರಲ್ಲಿ 411 ಸೀಟು. ಮತಗಟ್ಟೆಗೆ ಬಂದವರೇ ನೂರಕ್ಕೆ 60. 1950ರಲ್ಲಿ 84 ಇತ್ತು. ಅಂದರೆ ಮತಪಟ್ಟಿಯಲ್ಲಿದ್ದ ಐದು ಜನರಲ್ಲಿ ಒಬ್ಬರು ಆರಿಸಿದ ಸರ್ಕಾರ, ಭಾರೀ ಬಹುಮತ. ಯಾರೂ ಮೋಸ ಮಾಡಿಲ್ಲ. ಒಂದು ಓಟೂ ಕಳವಾಗಿಲ್ಲ. ಎಲ್ಲ ಕಾನೂನಿನ ಪ್ರಕಾರವೇ ನಡೆದಿದೆ. ಕ್ಷೇತ್ರದಲ್ಲಿ ಯಾರಿಗೆ ಹೆಚ್ಚು ಓಟೋ ಅವರೇ ಗೆದ್ದ ಹಾಗೆ, ಉಳಿದ ಓಟು ಲೆಕ್ಕಕ್ಕಿಲ್ಲ ಅನ್ನೋದೇ ಅಲ್ಲಿನ ಪದ್ಧತಿ.

ನನ್ನ ನೆರೆಯವರು ಆಜನ್ಮ ಲೇಬರ್. ಸರ್ರೆಯಲ್ಲಿ ಲೇಬರ್‌ಗೆ ಓಟು ಹಾಕೋದು ಅಂದರೆ ಸಮುದ್ರಕ್ಕೆ ಉಪ್ಪು ಸುರಿದ ಹಾಗೆ. ಅಲ್ಲಿ ತಲೆಮಾರುಗಳಿಂದ ಕನ್ಸರ್ವೇಟಿವ್ ಪಕ್ಷದ್ದೇ ರಾಜ್ಯ. ಅವರು ಜೀವಮಾನದಲ್ಲಿ ಹಾಕಿದ ಒಂದು ಓಟೂ ಒಬ್ಬ ಸಂಸದನನ್ನು ಗೆಲ್ಲಿಸಿಲ್ಲ. "ನನ್ನ ಓಟಿಗೆ ಬೆಲೆ ಇಲ್ಲ" ಅನ್ನೋದರಲ್ಲಿ ಅವರು ನೂರಕ್ಕೆ ನೂರು ಸರಿ. "ಯಾಕಂದ್ರೆ ಎಲ್ಲರೂ ಒಂದೇ" ಅನ್ನೋದರಲ್ಲಿ ತಪ್ಪು. ಎಲ್ಲರೂ ಒಂದೇ ಅಲ್ಲ. ಓಟುಗಳು ಒಂದೇ ಅಲ್ಲ.

ಹಾಗಾದರೆ ಬದಲಿಸಬಹುದಿತ್ತಲ್ಲ ಅಂತೀರಾ? ಒಂದು ಅವಕಾಶ ಬಂದಿತ್ತು. 2011ರ ಮೇ 5ರಂದು ಜನಮತಗಣನೆ. ಒಬ್ಬರಿಗೆ ಮಾತ್ರ ಗುರುತು ಹಾಕುವ ಬದಲು ಒಂದು, ಎರಡು, ಮೂರು ಅಂತ ಇಷ್ಟದ ಕ್ರಮ ಬರೆಯೋಣವೇ ಅನ್ನೋದು ಪ್ರಶ್ನೆ. ದೊಡ್ಡ ಬದಲಾವಣೆಯೇನಲ್ಲ, ಅರ್ಧಂಬರ್ಧ ಸುಧಾರಣೆ. ಬೇಡ ಅನ್ನುವ ಬಣ ಒಂದು ಪೋಸ್ಟರ್ ಹಾಕಿತು. ಆಸ್ಪತ್ರೆಯಲ್ಲಿ ಮಲಗಿದ ಹಸುಗೂಸು. ಈ ಮಗುವಿಗೆ ಬೇಕಾದ್ದು ಹೃದಯ ಚಿಕಿತ್ಸೆ, ಹೊಸ ಮತ ಪದ್ಧತಿ ಅಲ್ಲ ಅಂತ. ಓಟು ಎಣಿಸುವ ರೀತಿಗೂ ಕೂಸಿನ ಹೃದಯಕ್ಕೂ ಏನು ಸಂಬಂಧ? ಹೊಸ ಪದ್ಧತಿಗೆ ದುಡ್ಡು ಖರ್ಚಾಗುತ್ತೆ ಅನ್ನೋದು ವಾದ. ಮತ ಹಾಕಲು ಬಂದವರೇ ನೂರಕ್ಕೆ 42. ಅವರಲ್ಲಿ ನೂರಕ್ಕೆ 68 ಜನ ಬೇಡ ಅಂದರು. ಎಲ್ಲರೂ ಕಳ್ಳರು ಅಂತ ನಂಬಿದ ಜನಕ್ಕೆ ಕಳ್ಳರು ತಂದ ಸುಧಾರಣೆಯೂ ಕಳ್ಳಮಾಲಿನ ಹಾಗೆ ಕಂಡಿತೇನೋ. ಅವತ್ತು ನೀವೇನು ಹಾಕಿದಿರಿ ಅಂತ ನೆರೆಯವರನ್ನು ಕೇಳಿದ್ದೆ. ಮಳೆ ಇತ್ತೋ ಏನೋ, ಹೋಗಲಿಲ್ಲ ಅಂದರು. ಆ ಒಂದು ದಿನ ಮಾತ್ರ ಹೋಗಿರಲಿಲ್ಲ!

ಬ್ರಿಟನ್ನಿನ ಆ ಹಳೇ ಪದ್ಧತಿಯನ್ನೇ ನಾವೂ ತಂದುಕೊಂಡಿದ್ದೇವೆ. 2018ರ ಕರ್ನಾಟಕ ವಿಧಾನಸಭೆ ಚುನಾವಣೆ ನೆನಪಿಸಿಕೊಳ್ಳಿ. ಕಾಂಗ್ರೆಸ್ಸಿಗೆ ನೂರಕ್ಕೆ 38 ಮತ, ಬಿಜೆಪಿಗೆ 36. ಸೀಟಿನಲ್ಲಿ ಮುಂದೆ ಬಂದದ್ದು ಬಿಜೆಪಿ, 104. ಆಮೇಲೆ ರೆಸಾರ್ಟಿನ ಕಥೆಗಳನ್ನು ವಾರಗಟ್ಟಲೆ ನೋಡಿದೆವು. ಈ ಲೆಕ್ಕದ ಬಗ್ಗೆ ಎಷ್ಟು ಹೊತ್ತು ಮಾತಾಡಿದೆವು?

2024ರ ಜುಲೈನಲ್ಲಿ, ಫಲಿತಾಂಶ ಬಂದ ಮರುದಿನ, ಬೆಂಗಳೂರಿನಿಂದ ಅವರಿಗೆ ಫೋನ್ ಮಾಡಿದೆ. ಅವರ ಕ್ಷೇತ್ರದಲ್ಲಿ ಮೊದಲ ಸಲ ಕನ್ಸರ್ವೇಟಿವ್ ಸೋತಿತ್ತು. ಗೆದ್ದದ್ದು ಲಿಬರಲ್ ಡೆಮಾಕ್ರಾಟ್. ದೇಶವನ್ನು ಗೆದ್ದದ್ದು ಅವರ ಲೇಬರ್. ಖುಷಿಯಾಯ್ತಾ ಅಂದೆ. "ಎಲ್ಲರೂ ಒಂದೇ" ಅಂದರು. ಹಳೇ ನಾಯಿ ಹೋಗಿ ಹೊಸದು ಬಂದಿದೆ, ಅದನ್ನೂ ಮತಗಟ್ಟೆಗೆ ಕರೆದುಕೊಂಡು ಹೋಗಿದ್ದೆ ಅಂದರು. ಆಮೇಲೆ ಅವರೇ ಕೇಳಿದರು: "ನಿಮ್ಮ ಯಂತ್ರದಲ್ಲಿ, ಇವರಲ್ಲಿ ಯಾರೂ ಬೇಡ ಅನ್ನೋ ಗುಂಡಿ ಇದೆಯಂತೆ?"

ಹೌದು, ನೋಟಾ, 2013ರಿಂದ ಇದೆ ಅಂದೆ.

"ಅದಕ್ಕೇ ಎಲ್ಲರಿಗಿಂತ ಹೆಚ್ಚು ಓಟು ಬಂದರೆ?"

ಏನೂ ಆಗಲ್ಲ, ಅದರ ನಂತರ ಹೆಚ್ಚು ಓಟು ಬಂದ ಅಭ್ಯರ್ಥಿ ಗೆದ್ದ ಅಂತ ಘೋಷಿಸ್ತಾರೆ ಅಂದೆ.

ಆ ಕಡೆಯಿಂದ ನಗು ಶುರುವಾಯಿತು. ಬಾತುಕೋಳಿಯ ಕಥೆಗೂ ಅವರು ಅಷ್ಟು ಹೊತ್ತು ನಕ್ಕಿದ್ದು ನಾನು ಕೇಳಿರಲಿಲ್ಲ. ಹಿಂದೆ ನಾಯಿ ಬೊಗಳುತ್ತಿತ್ತು.

ನಮಸ್ಕಾರ.