ಒರಟು ಹಳಿಗೆ ಹುಟ್ಟಿದ ಇಂಜಿನ್

ಎಲ್ಲರಿಗೂ ನಮಸ್ಕಾರ.

ನಾನು ಬೆಳೆದದ್ದು ಅರಸೀಕೆರೆಯಲ್ಲಿ, ಮೀಟರ್ ಗೇಜ್ ಕಾಲದಲ್ಲಿ. ದೂರದಿಂದ ಡೀಸೆಲ್ ಇಂಜಿನ್ನಿನ ಗುಡುಗುಡು ಸದ್ದು ಕೇಳಿದರೆ ಸಾಕು, ತಟ್ಟೆ ಬಿಟ್ಟು ಓಡುತ್ತಿದ್ದೆ. ಅದು ವೈಡಿಎಂ-4 ಇಂಜಿನ್. ಅದರ ಮೂಲ ವಿನ್ಯಾಸ ಅಮೆರಿಕದ ಆಲ್ಕೊ ಕಂಪನಿಯದ್ದು ಅಂತ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಆ ಹೆಸರಿನ ಬೆನ್ನು ಹತ್ತಿ ಹೋದಾಗ ಸಿಕ್ಕಿದ ಕಥೆಯನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

1829ರ ಆಗಸ್ಟ್ 8. ಪೆನ್ಸಿಲ್ವೇನಿಯಾದ ಹೋನ್ಸ್‌ಡೇಲ್ ಎಂಬ ಊರು. ಕಲ್ಲಿದ್ದಲು ಸಾಗಿಸುವ ಕಂಪನಿಯೊಂದು ಇಂಗ್ಲೆಂಡಿನಿಂದ 'ಸ್ಟೌರ್‌ಬ್ರಿಜ್ ಲಯನ್' ಎಂಬ ಉಗಿ ಇಂಜಿನ್ ತರಿಸಿತ್ತು. ಹೊರೇಷಿಯೊ ಆಲನ್ ಎಂಬ ತರುಣ ಇಂಜಿನಿಯರ್ ಅದನ್ನು ಹತ್ತಿದರು. ಅದಕ್ಕೆ ಮೊದಲು ಅವರು ಇಂಜಿನ್ ಓಡಿಸಿದವರೇ ಅಲ್ಲ. ಅಪಾಯವಾದರೆ ತನ್ನೊಬ್ಬನಿಗೇ ಆಗಲಿ ಅಂತ ಜೊತೆಗೆ ಯಾರನ್ನೂ ಹತ್ತಿಸಿಕೊಳ್ಳಲಿಲ್ಲ. ಹೋಗಿ, ಸುರಕ್ಷಿತವಾಗಿ ವಾಪಸ್ ಬಂದರು. ಆದರೆ ನಾಲ್ಕು ಟನ್ ಇರಬೇಕಿದ್ದ ಇಂಜಿನ್ ಏಳು ಟನ್ ದಾಟಿತ್ತು. ಮರದ ಹಳಿ ಅದರ ಭಾರಕ್ಕೆ ನಲುಗಿತು. ಲಯನ್ ಇಂಜಿನ್ನನ್ನು ನಿತ್ಯದ ಕೆಲಸಕ್ಕೆ ಹಚ್ಚಲೇ ಇಲ್ಲ.

ಮರದ ಹಳಿ ಅಂದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಗ್ಲೆಂಡಿನವರು ಊರೂರಿನ ನಡುವೆ ಗುಡ್ಡ ಕಡಿದು, ಕಲ್ಲಿನ ಸೇತುವೆ ಕಟ್ಟಿ, ದಾರಿಯನ್ನು ಆದಷ್ಟು ಸಮ ಮಾಡಿ ಇಂಜಿನ್ ಓಡಿಸಿದರು. ಅಮೆರಿಕದಲ್ಲಿ ದೂರ ಜಾಸ್ತಿ, ದುಡ್ಡು ಕಡಿಮೆ, ಕಾಡು ಬೇಕಾದಷ್ಟು. ಹಾಗಾಗಿ ಉದ್ದನೆಯ ಮರದ ತೊಲೆಗಳನ್ನು ಹಾಸಿ, ಅವುಗಳ ಮೇಲೆ ತೆಳ್ಳನೆಯ ಕಬ್ಬಿಣದ ಪಟ್ಟಿ ಹೊಡೆದು, ಅದನ್ನೇ ಹಳಿ ಅಂದರು. ಓಡಾಟ ಹೆಚ್ಚಿದಂತೆ ಮೊಳೆ ಸಡಿಲವಾಗಿ ಪಟ್ಟಿಯ ತುದಿ ಮೇಲಕ್ಕೆ ಸುರುಳಿ ಏಳುತ್ತಿತ್ತು. ಕೆಲವೊಮ್ಮೆ ಗಾಡಿಯ ನೆಲವನ್ನೇ ಸೀಳಿಕೊಂಡು ಒಳಗೆ ನುಗ್ಗುತ್ತಿತ್ತು. ಜನ ಅದನ್ನು 'ಹಾವಿನ ತಲೆ' ಅಂತ ಕರೆಯುತ್ತಿದ್ದರು. ಪ್ರಯಾಣಿಕರು ಕೂತ ಜಾಗದಲ್ಲಿ ಕೆಳಗಿಂದ ಕಬ್ಬಿಣದ ಹೆಡೆ ಎದ್ದರೆ ಹೇಗಿರುತ್ತೆ, ಯೋಚಿಸಿ.

ಇಂಥ ದಾರಿಗೆ ಇಂಗ್ಲೆಂಡಿನ ಇಂಜಿನ್ ಒಗ್ಗಲಿಲ್ಲ. ದಾರಿಯನ್ನು ಸರಿ ಮಾಡುವಷ್ಟು ದುಡ್ಡೂ ಇರಲಿಲ್ಲ. ಹಾಗಾಗಿ ಅಮೆರಿಕದ ಕುಶಲಕರ್ಮಿಗಳು ಇಂಜಿನ್ನನ್ನೇ ಬದಲಾಯಿಸಿದರು. ಅಮೆರಿಕದ ಲೋಕೋಮೋಟಿವ್ ಹುಟ್ಟಿದ್ದು ಆ ಕೆಟ್ಟ ಹಳಿಯಿಂದಲೇ ಅಂತ ನಾನು ನಂಬಿದ್ದೇನೆ.

ಮೊದಲ ದೊಡ್ಡ ಹೆಜ್ಜೆ ಇಟ್ಟವರು ಜಾನ್ ಜರ್ವಿಸ್ ಎಂಬ ಇಂಜಿನಿಯರ್. 1832ರಲ್ಲಿ ಅವರು ಇಂಜಿನ್ನಿನ ಮುಂದೆ ನಾಲ್ಕು ಸಣ್ಣ ಗಾಲಿಗಳ ಒಂದು ಪುಟ್ಟ ಗಾಡಿ ಜೋಡಿಸಿದರು. ಅದು ನಡುವಿನ ಗೂಟದ ಮೇಲೆ ಅತ್ತಿತ್ತ ತಿರುಗುತ್ತಿತ್ತು. ತಿರುವು ಬಂದಾಗ ಇಂಜಿನ್ನಿಗಿಂತ ಮೊದಲು ತಾನು ತಿರುಗಿ ದಾರಿ ತೋರಿಸುತ್ತಿತ್ತು. ರೈಲ್ವೆಯವರು ಇದಕ್ಕೆ ಬೋಗಿ ಅನ್ನುತ್ತಾರೆ. ನಾವು ಇಡೀ ಡಬ್ಬಿಗೇ ಬೋಗಿ ಅನ್ನುತ್ತೇವೆ, ಅಲ್ವಾ? ಅಸಲಿಗೆ ಆ ಹೆಸರು ಕೆಳಗಿನ ಗಾಲಿಗಳ ಚೌಕಟ್ಟಿನದು.

ಆಮೇಲೆ, 1836ರಲ್ಲಿ, ಫಿಲಡೆಲ್ಫಿಯಾದ ಹೆನ್ರಿ ಕ್ಯಾಂಪ್‌ಬೆಲ್ ಮುಂದೆ ನಾಲ್ಕು ಸಣ್ಣ ಗಾಲಿ, ಹಿಂದೆ ಎಳೆಯುವ ನಾಲ್ಕು ದೊಡ್ಡ ಗಾಲಿ ಇರುವ ಇಂಜಿನ್ನಿಗೆ ಪೇಟೆಂಟ್ ಪಡೆದರು. ಎಳೆಯುವ ಶಕ್ತಿ ಹೆಚ್ಚಿತು, ಆದರೆ ಒರಟು ಹಳಿಯ ಮೇಲೆ ಇಂಜಿನ್ ಬಿಗಿಯಾಗಿ ಎಗರುತ್ತಿತ್ತು. ಅದಕ್ಕೆ ಮದ್ದು ಕಂಡವರು ಅದೇ ಊರಿನ ಜೋಸೆಫ್ ಹ್ಯಾರಿಸನ್.

ಅವರ ಉಪಾಯ ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ. ಮೂರು ಕಲ್ಲಿಟ್ಟು ಒಲೆ ಹೂಡಿದರೆ ನೆಲ ಎಷ್ಟೇ ಏರುಪೇರಿರಲಿ, ಪಾತ್ರೆ ಅಲುಗಾಡುವುದಿಲ್ಲ. ನಾಲ್ಕು ಕಲ್ಲಿಟ್ಟರೆ ಒಂದಲ್ಲ ಒಂದು ಎತ್ತರ ತಗ್ಗಾಗುತ್ತದೆ. ಹ್ಯಾರಿಸನ್ ಒಂದೊಂದು ಬದಿಯ ಎರಡು ದೊಡ್ಡ ಗಾಲಿಗಳ ನಡುವೆ ತಕ್ಕಡಿಯ ದಂಡದಂಥ ಒಂದು ತೊಲೆ ಇಟ್ಟರು. ಒಂದು ಗಾಲಿ ಹಳ್ಳಕ್ಕೆ ಇಳಿದರೆ ದಂಡ ವಾಲಿ ಭಾರವನ್ನು ಎರಡಕ್ಕೂ ಹಂಚುತ್ತದೆ. ಹೀಗೆ ಎಡಕ್ಕೆ ಒಂದು, ಬಲಕ್ಕೆ ಒಂದು, ಮುಂದಿನ ಬೋಗಿಯ ನಡುವೆ ಒಂದು. ಒಟ್ಟು ಮೂರು ಕಲ್ಲು! ಇಡೀ ಇಂಜಿನ್ ಮೂರು ಬಿಂದುಗಳ ಮೇಲೆ ಕೂತಿತು. ನನಗೆ ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಚೆಂದದ ಉಪಾಯ ಕಂಡಿಲ್ಲ.

ಈ ಮಾದರಿಗೆ ಜಗತ್ತು 'ಅಮೆರಿಕನ್' ಅಂತಲೇ ಹೆಸರಿಟ್ಟಿತು. 1869ರ ಮೇ 10ರಂದು ಯೂಟಾದ ಪ್ರಾಮಂಟರಿಯಲ್ಲಿ ಪೂರ್ವ ಪಶ್ಚಿಮದ ಹಳಿಗಳು ಕೂಡಿದಾಗ ಎದುರುಬದುರು ನಿಂತ 'ಜುಪಿಟರ್' ಮತ್ತು '119' ಎರಡೂ ಇದೇ ಜಾತಿಯವು.

ಈಗ ಮಥಾಯಸ್ ಬಾಲ್ಡ್ವಿನ್ ಅವರ ವಿಷಯ. ಇವರು ಮೂಲತಃ ಒಡವೆ ಕೆಲಸದವರು. 1831ರಲ್ಲಿ ಫಿಲಡೆಲ್ಫಿಯಾದ ಒಂದು ಮ್ಯೂಸಿಯಂಗೆ ಜನ ನೋಡಲಿ ಅಂತ ಪುಟ್ಟ ಇಂಜಿನ್ ಮಾಡಿಕೊಟ್ಟರು. ಅದನ್ನು ನೋಡಿದ ಸ್ಥಳೀಯ ರೈಲ್ವೆಯವರು ದೊಡ್ಡದನ್ನೇ ಮಾಡಿಕೊಡಿ ಅಂದರು. ಸರಿಯಾದ ಉಪಕರಣಗಳಿಲ್ಲ, ಪಳಗಿದ ಕೆಲಸಗಾರರಿಲ್ಲ. ಎಷ್ಟೋ ಭಾಗಗಳನ್ನು ಕೈಯಿಂದಲೇ ತೀಡಿ ಮಾಡಬೇಕಾಯಿತು. 1832ರ ನವೆಂಬರ್‌ನಲ್ಲಿ 'ಓಲ್ಡ್ ಐರನ್‌ಸೈಡ್ಸ್' ಓಡಿತು. ಒಪ್ಪಿದ್ದು 4,000 ಡಾಲರ್, ತಕರಾರಾಗಿ ಕೈಗೆ ಬಂದದ್ದು 3,500. ಬೇಸತ್ತ ಬಾಲ್ಡ್ವಿನ್ ಇನ್ನು ಇಂಜಿನ್ ಸಹವಾಸವೇ ಬೇಡ ಅಂದರಂತೆ. ಆದರೆ ಬಿಡಲಾಗಲಿಲ್ಲ. ಜರ್ವಿಸ್ ಅವರ ಬೋಗಿಯನ್ನು ಹೋಗಿ ನೋಡಿ ಬಂದು, ಮುಂದಿನ ಇಂಜಿನ್ನಿಗೆ ಅದನ್ನೇ ಅಳವಡಿಸಿದರು. ಅವರು ಹುಟ್ಟುಹಾಕಿದ ಕಾರ್ಖಾನೆ ಒಟ್ಟು 70,000ಕ್ಕೂ ಹೆಚ್ಚು ಇಂಜಿನ್ ಕಟ್ಟಿತು.

ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಬಾಲ್ಡ್ವಿನ್ ಗುಲಾಮಗಿರಿಯ ವಿರೋಧಿ. ಕಪ್ಪು ಮಕ್ಕಳ ಶಾಲೆಗೆ ತಮ್ಮ ಹಣ ಹಾಕಿದರು. 1837ರ ಪೆನ್ಸಿಲ್ವೇನಿಯಾ ಸಂವಿಧಾನ ಸಭೆಯಲ್ಲಿ ಕಪ್ಪು ಜನರ ಮತದಾನದ ಹಕ್ಕಿನ ಪರ ನಿಂತರು. ದಕ್ಷಿಣದ ರೈಲ್ವೆಗಳ ಜೊತೆಗಿನ ಅವರ ವ್ಯಾಪಾರಕ್ಕೆ ಇದರಿಂದ ಪೆಟ್ಟು ಬಿತ್ತು. ಅವರು ನಿಲುವು ಬದಲಿಸಲಿಲ್ಲ.

ಬಾಲ್ಡ್ವಿನ್ ಕಾರ್ಖಾನೆಯ ಶಕ್ತಿ ಇದ್ದದ್ದು ಗಿರಾಕಿಯ ಮಾತು ಕೇಳುವುದರಲ್ಲಿ. ಒಂದೊಂದು ರೈಲ್ವೆಯ ಏರು ಬೇರೆ, ತಿರುವು ಬೇರೆ, ಕಲ್ಲಿದ್ದಲು ಬೇರೆ. ದರ್ಜಿ ಅಳತೆ ತೆಗೆದು ಅಂಗಿ ಹೊಲಿದ ಹಾಗೆ ಅವರವರಿಗೆ ತಕ್ಕ ಇಂಜಿನ್. 1906ರಲ್ಲಿ ಒಂದೇ ವರ್ಷ 2,600ಕ್ಕೂ ಹೆಚ್ಚು ಇಂಜಿನ್ ಹೊರಬಂದವು. ಪೈಪೋಟಿಗೆ ನಿಲ್ಲಲು 1901ರಲ್ಲಿ ಎಂಟು ಕಂಪನಿಗಳು ಕೂಡಿ ಆಲ್ಕೊ ಆದವು. ಅದರ ಮನೆ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ. ಇಂಜಿನ್ ಕಟ್ಟುವ ದೊಡ್ಡ ಕಂಪನಿಗಳಲ್ಲಿ ಒಹಾಯೊದ ಲೈಮಾ ಮೂರನೆಯದು. 1941ರಲ್ಲಿ ಆಲ್ಕೊ ಕಟ್ಟಲು ಶುರುಮಾಡಿದ 'ಬಿಗ್ ಬಾಯ್' ಎಂಬ ದೈತ್ಯ ಉಗಿ ಇಂಜಿನ್ನುಗಳು ಒಟ್ಟು 25. ಅವುಗಳಲ್ಲಿ 4014ನೇ ನಂಬರಿನದು 2019ರಲ್ಲಿ ಮತ್ತೆ ಜೀವ ಪಡೆದು ಹಳಿಗೆ ಬಂತು.

ಆದರೆ ಬಿಗ್ ಬಾಯ್ ಬರುವ ಮೊದಲೇ ಗಾಳಿ ತಿರುಗಿತ್ತು. 1939ರಲ್ಲಿ ಜನರಲ್ ಮೋಟಾರ್ಸ್‌ನ ಇಂಜಿನ್ ವಿಭಾಗ 'ಎಫ್‌ಟಿ' ಎಂಬ ಡೀಸೆಲ್ ಇಂಜಿನ್ನನ್ನು 20 ರೈಲ್ವೆಗಳ ಹಳಿಯ ಮೇಲೆ ಓಡಿಸಿ ತೋರಿಸಿತು. ಸುಮಾರು ಹನ್ನೊಂದು ತಿಂಗಳಲ್ಲಿ 83,764 ಮೈಲಿ. ಅಂದರೆ ಸುಮಾರು 1 ಲಕ್ಷ 35 ಸಾವಿರ ಕಿಲೋಮೀಟರ್. ಇಲ್ಲಿ ಅಳತೆ ತೆಗೆಯುವ ಮಾತೇ ಇರಲಿಲ್ಲ. ಎಲ್ಲರಿಗೂ ಒಂದೇ ಮಾದರಿ, ಒಂದೇ ಬಿಡಿಭಾಗ. ಶಕ್ತಿ ಸಾಲದಿದ್ದರೆ ಇನ್ನೊಂದು ಇಂಜಿನ್ ಹಿಂದಕ್ಕೆ ಜೋಡಿಸಿ, ಒಬ್ಬ ಡ್ರೈವರ್ ಸಾಕು. ಆ ಹೊತ್ತಿಗೆ ಹಳಿಗಳೂ ಗಟ್ಟಿಯಾಗಿದ್ದವು. ಬಾಲ್ಡ್ವಿನ್‌ಗೆ ನೂರು ವರ್ಷ ಅನ್ನ ಕೊಟ್ಟ ದರ್ಜಿ ವಿದ್ಯೆಗೆ ಕೆಲಸವೇ ಉಳಿಯಲಿಲ್ಲ. ಲೈಮಾ ತನ್ನ ಕೊನೆಯ ಉಗಿ ಇಂಜಿನ್ ಕಟ್ಟಿದ್ದು 1949ರಲ್ಲಿ. 1956ರಲ್ಲಿ ಬಾಲ್ಡ್ವಿನ್ ಇಂಜಿನ್ ಕಟ್ಟುವುದನ್ನು ನಿಲ್ಲಿಸಿತು.

ಆ ಕೊನೆಯ ವರ್ಷಗಳಲ್ಲೇ ನಮ್ಮ ನಂಟು ಗಟ್ಟಿಯಾಗಿದ್ದು. ನಮ್ಮ ಡಬ್ಲ್ಯುಪಿ ಉಗಿ ಇಂಜಿನ್ನುಗಳಲ್ಲಿ ಮೊದಲ 16 ಬಾಲ್ಡ್ವಿನ್‌ನಿಂದ 1947ರಲ್ಲಿ ಬಂದವು. ಆಲ್ಕೊದ ಡಬ್ಲ್ಯುಡಿಎಂ-2 ಡೀಸೆಲ್ 1962ರಲ್ಲಿ ಬಂತು. 1964ರಲ್ಲಿ ಅದನ್ನು ವಾರಾಣಸಿಯಲ್ಲಿ ನಾವೇ ಕಟ್ಟತೊಡಗಿದೆವು. 1969ರಲ್ಲಿ ಸ್ಕೆನೆಕ್ಟಡಿಯಲ್ಲಿ ಇಂಜಿನ್ ಕೆಲಸ ನಿಂತಿತು. ವಾರಾಣಸಿಯಲ್ಲಿ ಆಲ್ಕೊ ವಿನ್ಯಾಸದ ಇಂಜಿನ್ನುಗಳು ಅದಾದ ಮೇಲೂ ದಶಕಗಟ್ಟಲೆ ಹುಟ್ಟುತ್ತಲೇ ಇದ್ದವು.

ಅಮೆರಿಕದಲ್ಲಿ ಆಲ್ಕೊವನ್ನು ಸೋಲಿಸಿದ ಜನರಲ್ ಮೋಟಾರ್ಸ್ ಇಂಜಿನ್ನುಗಳೂ ಮುಂದೆ ನಮ್ಮಲ್ಲಿಗೆ ಬಂದು ಹುಬ್ಬಳ್ಳಿ ಶೆಡ್ ಸೇರಿದವು. ಆಲ್ಕೊಗಳು ಬೆಂಗಳೂರಿನ ಕೃಷ್ಣರಾಜಪುರದ ಶೆಡ್‌ನಲ್ಲಿ. ಅಷ್ಟು ಹೊತ್ತಿಗೆ ಅರಸೀಕೆರೆಗೂ ಬ್ರಾಡ್ ಗೇಜ್ ಬಂದಿತ್ತು. ಪ್ಲಾಟ್‌ಫಾರ್ಮ್ ತುದಿಯಲ್ಲಿ ಕಣ್ಣು ಮುಚ್ಚಿ ನಿಂತರೂ ಗೊತ್ತಾಗುತ್ತಿತ್ತು: ಒಡೆದು ಒಡೆದು ಗುಡುಗಿದರೆ ಆಲ್ಕೊ, ಒಂದೇ ಸಮನೆ ಗುಂಯ್‌ಗುಟ್ಟಿದರೆ ಹುಬ್ಬಳ್ಳಿಯದು.