ಮಣ್ಣಿನ ಟೀಪಾಟ್‌ಗೆ ಅರಮನೆಯ ಹೂವು

ತೈಪೆಯ ನ್ಯಾಷನಲ್ ಪ್ಯಾಲೇಸ್ ಮ್ಯೂಸಿಯಂಗೆ ಬಂದವರು ಮೊದಲು ಹುಡುಕುವುದು ಹಸಿರು ಕಲ್ಲಿನಲ್ಲಿ ಕೆತ್ತಿದ ಎಲೆಕೋಸನ್ನು. ನಾನು ಬಂದಿದ್ದು ಈ ಪುಟ್ಟ ಟೀಪಾಟ್ ನೋಡೋಕೆ. ಚೀನಾದ ಕಾಂಗ್‌ಶಿ ಚಕ್ರವರ್ತಿಯ ಕಾಲದ್ದು. ಅವನು ಆಳಿದ್ದು 1661ರಿಂದ 1722ರವರೆಗೆ.

ಮೈ ಕಂದು ಬಣ್ಣ, ಕಾಣ್ತಾ ಇದೆ ಅಲ್ವಾ? ಇದು ಪಿಂಗಾಣಿ ಅಲ್ಲ. ಯಿಶಿಂಗ್ ಎಂಬ ಊರಿನ ಮಣ್ಣು, ಕಬ್ಬಿಣದಂಶ ಜಾಸ್ತಿ. ಅಲ್ಲಿಯವರು ಮಣ್ಣನ್ನು ಬಡಿದು ಹಾಳೆ ಮಾಡಿ, ಸುತ್ತಿ, ಅಂಚು ಕೂಡಿಸಿ ಪಾಟ್ ಕಟ್ಟುತ್ತಾರೆ. ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಹಚ್ಚುವುದಿಲ್ಲ. ಹಾಗಾಗಿ ಮಣ್ಣು ಟೀಯ ವಾಸನೆ ಹಿಡಿದುಕೊಳ್ಳುತ್ತದೆ. ಟೀ ಹುಚ್ಚಿನವರು ಒಂದು ಪಾಟ್‌ಗೆ ಒಂದೇ ಬಗೆಯ ಎಲೆ ಹಾಕುತ್ತಾರೆ, ಸೋಪು ಮುಟ್ಟಿಸುವುದಿಲ್ಲ. ಹಾಲು, ಸಕ್ಕರೆ ಹಾಕಿ ಕುದಿಸುವ ನಮ್ಮ ಟೀಗೆ ಇದು ಆಗಿಬರಲ್ಲ ಬಿಡಿ.

ಇಂಥ ಬರಿಮೈಯ ಪಾಟನ್ನು ಬೀಜಿಂಗ್‌ಗೆ ತರಿಸಿ, ಅರಮನೆಯ ಕಾರ್ಖಾನೆಯಲ್ಲಿ ಎನಾಮಲ್ ಬಳಿದು, ಕಡಿಮೆ ಶಾಖದಲ್ಲಿ ಮತ್ತೆ ಸುಟ್ಟರು. ಎನಾಮಲ್ ಅಂದರೆ ಬಣ್ಣದ ಗಾಜಿನ ಪುಡಿ. ಬೆಂಕಿಯಲ್ಲಿ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಆ ಕಾಲದ ಎನಾಮಲ್‌ನಲ್ಲಿ ಗುಲಾಬಿ ಬಣ್ಣ ತರುತ್ತಿದ್ದದ್ದು ಚಿನ್ನ. ಹೌದು, ಚಿನ್ನವೇ! ಯುರೋಪಿನಿಂದ ಬಂದಿದ್ದ ಪಾದ್ರಿಗಳಿಗೂ ಈ ವಿದ್ಯೆಯಲ್ಲಿ ಪಾಲಿದೆ.

ಸ್ವಲ್ಪ ಝೂಮ್ ಮಾಡ್ತೀನಿ. ಎಸಳಿನ ಅಂಚಿನಲ್ಲಿ ಬಣ್ಣ ಉಬ್ಬಿಕೊಂಡಿದೆ, ಬೆರಳಿಟ್ಟರೆ ತಾಗುವಷ್ಟು. ಬಿಳಿ ಪಿಂಗಾಣಿಯ ಮೇಲಾದರೆ ತೆಳ್ಳಗೆ ಬಳಿದರೂ ನಡೆಯುತ್ತದೆ. ಇಲ್ಲಿ ಅಡಿಯ ಕಂದು ಇಣುಕಬಾರದು, ಅದಕ್ಕೇ ದಪ್ಪ. ರಾಜನದ್ದು ಅಂದಮೇಲೆ ಡ್ರ್ಯಾಗನ್ ಇರಬೇಕಿತ್ತಲ್ಲ ಅಂತ ನಾನೂ ಹುಡುಕಿದೆ. ಇಲ್ಲ, ನಾಲ್ಕು ಋತುಗಳ ಹೂವುಗಳಷ್ಟೇ. ಯಾರದ್ದು ಅನ್ನುವುದು ತಳದಲ್ಲಿದೆ, ನಾಲ್ಕೇ ಅಕ್ಷರ: ಕಾಂಗ್‌ಶಿಯ ಅಪ್ಪಣೆಯಂತೆ ಮಾಡಿದ್ದು.

ನಿಜ ಹೇಳಲಾ? ನನ್ನ ಕಣ್ಣಿಗೆ ಅಲಂಕಾರ ಸ್ವಲ್ಪ ಅತಿಯಾಯಿತು. ಇಷ್ಟು ಚೆಂದದ ಮಣ್ಣಿಗೆ ಬಣ್ಣವೇ ಬೇಕಿರಲಿಲ್ಲ. ಆದರೆ ಆ ಕಂದು ಹಿನ್ನೆಲೆಯಲ್ಲಿ ಗುಲಾಬಿ ಎದ್ದು ಕಾಣುವ ರೀತಿ ಇದೆಯಲ್ಲ, ಅದು ಪಿಂಗಾಣಿಯಲ್ಲಿ ಸಿಗಲ್ಲ.

1933ರಲ್ಲಿ ಜಪಾನ್ ಸೇನೆ ಬೀಜಿಂಗ್‌ಗೆ ಹತ್ತಿರವಾದಾಗ ಅರಮನೆಯ ವಸ್ತುಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ದಕ್ಷಿಣಕ್ಕೆ ಸಾಗಿಸಿದರು. ಒಂದು ಪಾಲು 1948-49ರಲ್ಲಿ ಹಡಗು ಹತ್ತಿ ತೈವಾನ್ ಸೇರಿತು. ಗಾಜಿನಂಥ ಬಣ್ಣ, ಮಣ್ಣಿನ ಮೈ, ಅಷ್ಟು ದೂರ ಬಂದರೂ ಮೂತಿ ಕೂಡ ಮುಕ್ಕಾಗಿಲ್ಲ!

ಇದೇ ಮಣ್ಣಿನ ಟೀ ಬಟ್ಟಲುಗಳೂ ಇವರ ಬಳಿ ಇವೆ, ಮುಂದೆ ಅವನ್ನೂ ನೋಡೋಣ ಬನ್ನಿ.