ಹೋಗಿ ಆ ಕಡೆಯವರಿಗೆ ಹೇಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಅಣುಬಾಂಬ್ ಬೇಡ ಅಂತ ಬೀದಿಗಿಳಿದವರಿಗೆ ಒಂದು ಮಾತು ಎಲ್ಲಿ ಹೋದರೂ ತಪ್ಪಿದ್ದಲ್ಲ. "ನಮಗ್ಯಾಕೆ ಹೇಳ್ತೀರಿ? ಹೋಗಿ ಆ ಕಡೆಯವರಿಗೆ ಹೇಳಿ!" ಅಮೆರಿಕದಲ್ಲಿ ಕರಪತ್ರ ಹಂಚುತ್ತಿದ್ದವರಿಗೆ ಈ ಮಾತು ಕೇಳಿ ಕೇಳಿ ಸಾಕಾಗಿತ್ತು. ಆ ಕಡೆಯವರು ಅಂದರೆ ಅವರಿಗೆ ರಷ್ಯಾದವರು. ಸರಿ, ಹೋಗಿ ಹೇಳಿಯೇ ಬಿಡೋಣ ಅಂತ ಒಂದು ಗುಂಪು ಹೊರಟಿತು. ನಡೆದುಕೊಂಡು.

1960ರ ಡಿಸೆಂಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಈ ಗುಂಪು ಅಮೆರಿಕವನ್ನು ಅಡ್ಡಕ್ಕೆ ದಾಟಿ, ಇಂಗ್ಲೆಂಡ್, ಜರ್ಮನಿ, ಪೋಲೆಂಡ್ ಹಾದು ಮಾಸ್ಕೋ ಮುಟ್ಟಿತು. ಸಮುದ್ರ ಬಿಟ್ಟರೆ ಉಳಿದದ್ದು ಹೆಚ್ಚೂ ಕಡಿಮೆ ನಡಿಗೆಯೇ. ಫ್ರಾನ್ಸ್ ಸರ್ಕಾರ ಒಳಗೆ ಬಿಡುವುದಿಲ್ಲ ಅಂದಾಗ ಕೆಲವರು ಬಂದರಿನಲ್ಲಿ ಹಡಗಿನಿಂದ ನೀರಿಗೆ ಹಾರಿ ಈಜಲು ನೋಡಿದರು! 1961ರ ಅಕ್ಟೋಬರ್ 3ರಂದು ಅವರು ಕೆಂಪು ಚೌಕದಲ್ಲಿ ನಿಂತಿದ್ದರು. ಹೊರಟು ಹತ್ತು ತಿಂಗಳಾಗಿತ್ತು.

ನನಗೆ ಇಲ್ಲಿ ದೊಡ್ಡದಾಗಿ ಕಾಣುವುದು ದೂರ ಅಲ್ಲ. ಅಮೆರಿಕದ ಊರುಗಳಲ್ಲಿ ಏನು ಹೇಳಿದ್ದರೋ ಅದನ್ನೇ ಅವರು ಸೋವಿಯತ್ ನೆಲದಲ್ಲೂ ಹೇಳಿದರು. ನಿಮ್ಮ ಸರ್ಕಾರ ಬಾಂಬ್ ಕೆಳಗಿಡಲಿ, ಇನ್ನೊಬ್ಬರು ಇಡಲಿ ಅಂತ ಕಾಯಬೇಡಿ ಅಂದರು. ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಮಾತುಕತೆ ನಡೆಯುತ್ತಿತ್ತು. ಇನ್ನು ಸಾಕು ಅಂತ ಮೇಲಿನವರು ನಿಲ್ಲಿಸಲು ಹೊರಟರೆ ವಿದ್ಯಾರ್ಥಿಗಳು ಮೇಜು ಕುಟ್ಟಿದರು, ಮುಂದುವರಿಸಿ ಅಂತ ಹಟ ಹಿಡಿದರು.

ಹಾಗಂತ ಸರ್ಕಾರ ಕೇಳಿತಾ? ಇಲ್ಲ. ಅದೇ ಅಕ್ಟೋಬರ್ 30ಕ್ಕೆ ಸೋವಿಯತ್ ಒಕ್ಕೂಟ 50 ಮೆಗಾಟನ್ ಬಾಂಬ್ ಸಿಡಿಸಿತು. ಅಷ್ಟು ದೊಡ್ಡದನ್ನು ಅದಕ್ಕೆ ಮೊದಲೂ ಯಾರೂ ಸಿಡಿಸಿರಲಿಲ್ಲ, ಆಮೇಲೂ ಸಿಡಿಸಿಲ್ಲ.

ಇನ್ನೊಂದು ನಡಿಗೆಗೆ ಬೀಜ ಬಿದ್ದದ್ದು ನಮ್ಮ ಬೆಂಗಳೂರಿನಲ್ಲೇ. ವಿನೋಬಾ ಭಾವೆಯವರ ಬಳಗದ ಇಬ್ಬರು ಯುವಕರು, ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್, ಆಗ ಇಲ್ಲಿನ ಆಶ್ರಮದಲ್ಲಿದ್ದರು. ಒಂದು ದಿನ ಹೋಟೆಲ್ಲಿನಲ್ಲಿ ಕಾಫಿ ಕುಡಿಯುತ್ತಾ ಪೇಪರ್ ಓದುತ್ತಿದ್ದಾಗ ಲಂಡನ್ನಿನ ಸುದ್ದಿ ಕಣ್ಣಿಗೆ ಬಿತ್ತು. 89 ವರ್ಷದ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಜೈಲಿಗೆ ಹೋಗಿದ್ದರು. ಅಣ್ವಸ್ತ್ರದ ವಿರುದ್ಧ ಜನರನ್ನು ಧರಣಿಗೆ ಕರೆದದ್ದು ಅವರ ತಪ್ಪು. ಇನ್ನು ಮುಂದೆ ಸರಿಯಾಗಿರ್ತೀನಿ ಅಂತ ಮಾತು ಕೊಡಿ, ಬಿಟ್ಟುಬಿಡ್ತೀವಿ ಅಂತ ಮ್ಯಾಜಿಸ್ಟ್ರೇಟ್ ಅಂದರೂ ರಸೆಲ್ ಒಪ್ಪಿರಲಿಲ್ಲ. ಆ ವಯಸ್ಸಿನವರು ಇಷ್ಟು ಮಾಡುವಾಗ ನಾವಿಲ್ಲಿ ಸುಮ್ನೆ ಕಾಫಿ ಕುಡಿಯುತ್ತಾ ಕೂತಿದ್ದೇವಲ್ಲ ಅಂತ ಇಬ್ಬರಿಗೂ ಅನಿಸಿತು. ಅಣುಬಾಂಬ್ ಇದ್ದ ನಾಲ್ಕು ದೇಶಗಳ ರಾಜಧಾನಿಗಳಿಗೆ ನಡೆದೇ ಹೋಗೋಣ ಅಂತ ತೀರ್ಮಾನಿಸಿದರು.

ಹೊರಡುವ ಮುನ್ನ ವಿನೋಬಾರನ್ನು ಕಂಡರು. ಅವರು ಕೊಟ್ಟದ್ದು ಎರಡೇ ಸಲಹೆ: ಜೇಬಿನಲ್ಲಿ ದುಡ್ಡಿರಬಾರದು, ಸಸ್ಯಾಹಾರ ಬಿಡಬಾರದು. ಮೊದಲನೆಯದು ಕೇಳಿದರೆ ಹುಚ್ಚು ಅನಿಸುತ್ತೆ, ಅಲ್ವಾ? ಆದರೆ ಯೋಚಿಸಿ ನೋಡಿ. ದುಡ್ಡಿದ್ದರೆ ಲಾಡ್ಜಿನಲ್ಲಿ ಮಲಗಬಹುದು, ಯಾರ ಜೊತೆಗೂ ಮಾತಿಲ್ಲದೆ ಉಂಡು ಮುಂದೆ ಹೋಗಬಹುದು. ದುಡ್ಡಿಲ್ಲದಿದ್ದರೆ ಸಂಜೆಯಾಗುತ್ತಿದ್ದಂತೆ ಯಾರದ್ದಾದರೂ ಬಾಗಿಲು ತಟ್ಟಲೇಬೇಕು. ಊಟಕ್ಕೆ ಕರೆದವರು ಮಾಂಸ ಯಾಕೆ ತಿನ್ನಲ್ಲ ಅಂತ ಕೇಳೇ ಕೇಳುತ್ತಾರೆ. ಅಲ್ಲಿಂದ ಅಹಿಂಸೆಯ ಮಾತು, ಅಲ್ಲಿಂದ ಬಾಂಬಿನ ಮಾತು. ಚಳವಳಿ ಕಟ್ಟಿದ ಅನುಭವವಿದ್ದವರಿಗೆ ಮಾತ್ರ ಹೊಳೆಯುವ ಉಪಾಯ ಇದು.

1962ರ ಜೂನ್ 1ರಂದು ರಾಜಘಾಟಿನಿಂದ ಹೊರಟರು. ವಾಘಾ ಗಡಿಗೆ ಕಳಿಸಲು ಬಂದ ಗೆಳೆಯರೊಬ್ಬರು ಪಾಕಿಸ್ತಾನದಲ್ಲಿ ಬೇಕಾದೀತು ಅಂತ ಊಟದ ಪೊಟ್ಟಣ ಕೊಡಲು ಹೋದರು. ಸತೀಶ್ ತೆಗೆದುಕೊಳ್ಳಲಿಲ್ಲ. ಅದು ಊಟದ ಪೊಟ್ಟಣವಲ್ಲ, ಅಪನಂಬಿಕೆಯ ಪೊಟ್ಟಣ ಅನ್ನುವುದು ಅವರ ವಾದ. ಗಡಿ ದಾಟುತ್ತಿದ್ದಂತೆ ಆ ಕಡೆ ಒಬ್ಬ ಅಪರಿಚಿತರು ಇವರನ್ನೇ ಹುಡುಕಿಕೊಂಡು ಬಂದಿದ್ದರು, ಲಾಹೋರಿನ ತಮ್ಮ ಮನೆಗೆ ಕರೆಯಲು!

ಅಫ್ಘಾನಿಸ್ತಾನ, ಇರಾನ್ ಆಯಿತು. ಸೋವಿಯತ್ ಜಾರ್ಜಿಯಾದಲ್ಲಿ ಒಂದು ಚಹಾ ಕಾರ್ಖಾನೆಯ ಎದುರು ಇಬ್ಬರು ಹೆಂಗಸರು ಸಿಕ್ಕಿ, ಕರೆದು ಕೂರಿಸಿ ಚಹಾ ಕೊಟ್ಟರು. ಅವರಲ್ಲೊಬ್ಬರಿಗೆ ಇದ್ದಕ್ಕಿದ್ದಂತೆ ಏನೋ ಹೊಳೆಯಿತು. ಒಳಗೆ ಹೋಗಿ ನಾಲ್ಕು ಪೊಟ್ಟಣ ಚಹಾಪುಡಿ ತಂದರು. ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್ನಿನ ದೊರೆಗಳಿಗೆ ಒಂದೊಂದು. ಬಾಂಬಿನ ಗುಂಡಿ ಒತ್ತಬೇಕು ಅನ್ನುವ ಹುಚ್ಚು ಹತ್ತಿದರೆ ಒಂದು ನಿಮಿಷ ತಡೆದು ಈ ಚಹಾ ಕುಡಿಯಲು ಹೇಳಿ ಅಂದರಂತೆ. ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿ ಇಟ್ಟದ್ದಕ್ಕೆ ಎದ್ದ ಬಿಕ್ಕಟ್ಟಿನಿಂದ ಇಡೀ ಜಗತ್ತು ಉಸಿರು ಬಿಗಿಹಿಡಿದಿದ್ದ ವರ್ಷ ಅದು. ಆಗ ಅದು ಬರೀ ತಮಾಷೆಯಾಗಿ ಕೇಳಿಸಿರಲಾರದು.

ಪ್ಯಾರಿಸ್‌ನಲ್ಲಿ ಅಧ್ಯಕ್ಷರ ಅರಮನೆ ಎದುರು ನಿಂತಿದ್ದಕ್ಕೆ ಪೊಲೀಸರು ಇಬ್ಬರನ್ನೂ ಜೈಲಿಗೆ ಹಾಕಿ, ಆಮೇಲೆ ಇಂಗ್ಲೆಂಡಿಗೆ ಸಾಗಹಾಕಿದರು. ಅಲ್ಲಿ ಅವರು ರಸೆಲ್ಲರನ್ನು ಕಂಡರು. ಅಟ್ಲಾಂಟಿಕ್ ದಾಟುವ ಹಡಗಿನ ವ್ಯವಸ್ಥೆಗೆ ನೆರವಾದದ್ದೂ ಆ ಮುದುಕರೇ. 1964ರ ಜನವರಿಯಲ್ಲಿ ವಾಷಿಂಗ್ಟನ್ ತಲುಪಿದಾಗ ಅಧ್ಯಕ್ಷ ಕೆನಡಿ ಬದುಕಿರಲಿಲ್ಲ. ಗಾಂಧಿ ಸಮಾಧಿಯಿಂದ ಹೊರಟ ನಡಿಗೆ ಕೆನಡಿ ಸಮಾಧಿಯ ಹತ್ತಿರ ಮುಗಿಯಿತು. ಮೆನನ್ ಮುಂದೆ ಬೆಂಗಳೂರಿನಲ್ಲೇ ನೆಲೆಸಿದರು.

ಈ ನಡುವೆ, 1963ರ ಆಗಸ್ಟ್‌ನಲ್ಲಿ, ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಗಾಳಿಯಲ್ಲಿ, ನೀರಿನಲ್ಲಿ, ಬಾಹ್ಯಾಕಾಶದಲ್ಲಿ ಆ ಮೂರು ದೇಶಗಳ ಅಣು ಪರೀಕ್ಷೆ ನಿಂತಿತು. ನೆಲದಡಿಯ ಪರೀಕ್ಷೆ ಮಾತ್ರ ನಡೆದೇ ಇತ್ತು. ಇದೆಲ್ಲ ನಡಿಗೆಯಿಂದಲೇ ಆಯಿತು ಅಂತ ನಾನು ಹೇಳಲಾರೆ. ವಿಕಿರಣದ ಬೂದಿ ಮಕ್ಕಳು ಕುಡಿಯುವ ಹಾಲಿಗೂ ಇಳಿಯುತ್ತಿದೆ ಅಂತ ತಿಳಿದ ತಾಯಂದಿರ ಸಿಟ್ಟಿಗೂ ಅದರಲ್ಲಿ ಪಾಲಿದೆ.

ಆಮೇಲೆ ಆ ಮಾತು ನಮ್ಮ ಅಂಗಳಕ್ಕೇ ಬಂತು. 1974ರಲ್ಲಿ ರಾಜಸ್ಥಾನದ ಪೋಖ್ರಾನಿನಲ್ಲಿ ಭಾರತದ ಅಣು ಪರೀಕ್ಷೆ. 1998ರ ಮೇ ತಿಂಗಳಲ್ಲಿ ಮತ್ತೆ ಪೋಖ್ರಾನ್, ಬೆನ್ನಿಗೇ ಪಾಕಿಸ್ತಾನದ ಚಾಗೈ. ಅಲ್ಲಿಯವರೆಗೆ ಬೇರೆಯವರ ಬಾಂಬನ್ನು ಬೈಯುವುದು ನಮಗೆ ಸುಲಭವಾಗಿತ್ತು, ಈಗ ನಮ್ಮದೂ ಒಂದಿತ್ತು. 1999ರ ಮೇ 11ರಂದು ಒಂದಷ್ಟು ಜನ ಪೋಖ್ರಾನಿನಿಂದಲೇ ಸಾರನಾಥಕ್ಕೆ ನಡೆಯಲು ಶುರುಮಾಡಿದರು, ಹಿರೋಶಿಮಾ ದಿನವಾದ ಆಗಸ್ಟ್ 6ಕ್ಕೆ ಮುಟ್ಟಿದರು. ಆ ಬೇಸಿಗೆಯಲ್ಲಿ ಕಾರ್ಗಿಲ್ ಯುದ್ಧ ನಡೆಯುತ್ತಿತ್ತು. ಅಂಥ ಹೊತ್ತಲ್ಲಿ ನಮ್ಮ ಬಾಂಬೂ ಬೇಡ ಅನ್ನಲು ಗಟ್ಟಿ ಗುಂಡಿಗೆ ಬೇಕು.

ಆ ಕಡೆಯವರಿಗೂ ಹೇಳಬೇಕಲ್ಲ? 2005ರಲ್ಲಿ ದೆಹಲಿಯಿಂದ ಪಾಕಿಸ್ತಾನದ ಮುಲ್ತಾನ್‌ವರೆಗೆ ಶಾಂತಿ ಯಾತ್ರೆ ಹೋಯಿತು. ಅವರು ಎರಡೂ ಸರ್ಕಾರಗಳ ಮುಂದೆ ಇಟ್ಟದ್ದು ಒಂದೇ ಬೇಡಿಕೆ ಪಟ್ಟಿ. ಜಗಳಗಳನ್ನು ಮಾತುಕತೆಯಲ್ಲಿ ಬಗೆಹರಿಸಿಕೊಳ್ಳಿ, ಅಣ್ವಸ್ತ್ರ ಕೈಬಿಡಿ, ಜನ ವೀಸಾ ಇಲ್ಲದೆ ಓಡಾಡಲು ಬಿಡಿ. ಮೂರರಲ್ಲಿ ಒಂದೂ ಇನ್ನೂ ಈಡೇರಿಲ್ಲ.

ನಮಸ್ಕಾರ.